ತಟ್ಟೆಯಲ್ಲಿರುವ ಆನೆಗೆ ಸೊಂಡಿಲು ಎಲ್ಲಿಂದ?

2020ರ ಸಂಕ್ರಾಂತಿ ಜನವರಿ 15ಕ್ಕೆ ಬಂದಿತ್ತು. ಆ ವರ್ಷ ಅಮ್ಮ ಹಾಸನದಿಂದ ಪುಣೆಗೆ ಬರುವಾಗ ಸಕ್ಕರೆ ಅಚ್ಚು ಮಾಡುವ ಮರದ ಅಚ್ಚುಗಳನ್ನು ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದಳು. ಹಬ್ಬಕ್ಕೆ ಎರಡು ದಿನ ಮೊದಲು ವಾಕಡ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಅಚ್ಚುಗಳನ್ನು ನೀರಲ್ಲಿ ನೆನೆಸಿಟ್ಟು, ದಾರ ಕಟ್ಟಿ, ಪಾಕ ಹೊಯ್ದು ಕೂತೆವು. ಆನೆಯ ಅಚ್ಚು ಸೊಂಡಿಲಿನ ಹತ್ತಿರ ಬಿರುಕು ಬಿಟ್ಟಿತ್ತು. ಪಾಕ ಅಲ್ಲಿ ನಿಲ್ಲದೆ ಸೋರಿಹೋಗಿ, ಬಿಚ್ಚಿದಾಗಲೆಲ್ಲ ಸೊಂಡಿಲಿಲ್ಲದ ಆನೆಯೇ ಬರುತ್ತಿತ್ತು. ಹತ್ತಿಪ್ಪತ್ತು ಆನೆ ಆದಮೇಲೆ ನಾನು ಆ ಜಾಗದಲ್ಲಿ ಇನ್ನೆರಡು ಸುತ್ತು ದಾರ ಬಿಗಿದೆ. ಮುಂದಿನ ಆನೆಗೆ ಸೊಂಡಿಲು ಬಂತು. ಮಗಳು ತಟ್ಟೆಯಲ್ಲಿದ್ದ ಹಳೆಯ ಆನೆಗಳನ್ನು ತೋರಿಸಿ, "ಅಜ್ಜಿ, ಈಗ ಇವಕ್ಕೂ ಸೊಂಡಿಲು ಬರುತ್ತಾ?" ಅಂದಳು. ಅಮ್ಮ ನಕ್ಕು, "ಅಚ್ಚು ಸರಿ ಮಾಡಿದ್ರೆ ಇನ್ನು ಮೇಲೆ ಬರೋವಕ್ಕೆ ಸೊಂಡಿಲು ಬರುತ್ತೆ ಕಣೇ. ತಟ್ಟೇಲಿರೋದಕ್ಕೆ ಎಲ್ಲಿಂದ ಬರುತ್ತೆ?" ಅಂದಳು.

ಹಬ್ಬದ ಮರುದಿನ ಗುರುವಾರ. ಹಿಂಜೆವಾಡಿಯ ಆಫೀಸಿಗೆ ಹೊರಡುವ ಮೊದಲೇ ಮೂರು ಫೋನ್ ಬಂದವು. ಮೂರು ಬೇರೆ ಬೇರೆ ತಂಡಗಳು, ದೂರು ಮಾತ್ರ ಒಂದೇ: ಬಿಲ್ಡ್ ಆಗುತ್ತಿಲ್ಲ, 501 ಅಂತ ಬರುತ್ತಿದೆ, ನಾವು ಏನೂ ಬದಲಾಯಿಸಿಲ್ಲ.

ಅವರು ನಿಜವಾಗಿಯೂ ಏನನ್ನೂ ಬದಲಾಯಿಸಿರಲಿಲ್ಲ. ಬದಲಾಗಿದ್ದು ಹೊರಗಿನ ಜಗತ್ತು. ಜಾವಾದಲ್ಲಿ ಬರೆಯುವ ಯಾವುದೇ ದೊಡ್ಡ ಪ್ರಾಜೆಕ್ಟಿಗೂ ನೂರಾರು ಸಿದ್ಧ ಬಿಡಿಭಾಗಗಳು ಬೇಕು. ಅವೆಲ್ಲ ಮೇವನ್ ಸೆಂಟ್ರಲ್ ಎಂಬ ಸಾರ್ವಜನಿಕ ಉಗ್ರಾಣದಿಂದ ಬರುತ್ತವೆ. ಆ ಉಗ್ರಾಣದವರು 2020ರ ಜನವರಿ 15ರಿಂದ ಎಚ್‌ಟಿಟಿಪಿ ವಿಳಾಸಕ್ಕೆ ಬಾಗಿಲು ತೆರೆಯುವುದಿಲ್ಲ, ಸುರಕ್ಷಿತವಾದ ಎಚ್‌ಟಿಟಿಪಿಎಸ್‌ಗೆ ಮಾತ್ರ ತೆರೆಯುತ್ತೇವೆ ಎಂದು ಮೊದಲೇ ಸಾರಿದ್ದರು, ಹೇಳಿದಂತೆ ಮಾಡಿದರು. ನಮ್ಮ ಕಂಪನಿಯ ಪ್ರಾಜೆಕ್ಟ್ ಟೆಂಪ್ಲೇಟಿನಲ್ಲಿ ಯಾವುದೋ ಕಾಲದ ಹಳೇ ವಿಳಾಸ ಕೂತಿತ್ತು. ಆ ಟೆಂಪ್ಲೇಟಿನ ಉಸ್ತುವಾರಿ ನನ್ನದು. ಒಂದೇ ಒಂದು 'ಎಸ್' ಅಕ್ಷರ ಸೇರಿಸಿ, "ಟೆಂಪ್ಲೇಟ್ ಸರಿಪಡಿಸಲಾಗಿದೆ" ಎಂದು ಎಲ್ಲರಿಗೂ ಮೇಲ್ ಕಳಿಸಿ, ಚಹಾ ಕುಡಿಯಲು ಎದ್ದೆ.

ಫೋನು ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಏಳೆಂಟು ತಂಡ. ಡಬ್ಬಿಯಲ್ಲಿ ಮಗಳು ಹಾಕಿಕೊಟ್ಟಿದ್ದ ಸೊಂಡಿಲಿಲ್ಲದ ಆನೆಯೊಂದು ಇತ್ತು. ಅದನ್ನು ನೋಡಿದಾಗ ಅಮ್ಮನ ಮಾತು ನೆನಪಾಯಿತು. ನಾನು ಸರಿ ಮಾಡಿದ್ದು ಅಚ್ಚನ್ನು.

ಓದುಗರಲ್ಲಿ ಅರ್ಧ ಜನರಾದರೂ ಐಟಿಯವರು, ಅಥವಾ ಐಟಿಯವರ ಅಪ್ಪ ಅಮ್ಮಂದಿರು. ಎರಡನೆಯವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ಯಾಂಕು, ವಿಮೆ, ಟೆಲಿಫೋನ್ ಬಿಲ್ಲು, ಆಸ್ಪತ್ರೆಯ ದಾಖಲೆ ಇಂಥ ಕೆಲಸಗಳ ಹಿಂದೆ ಓಡುವ ದೊಡ್ಡ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಜಾವಾ ಭಾಷೆಯಲ್ಲಿವೆ. ಹೊಸದೊಂದನ್ನು ಶುರು ಮಾಡಬೇಕಾದರೆ ಉಪಯೋಗಕ್ಕೆ ಬರುವ ಮೊದಲ ಸಾಲು ಬರೆಯುವ ಮುಂಚೆ ಹತ್ತಾರು ಫೈಲುಗಳನ್ನು ಕೂರಿಸಬೇಕು: ಯಾವ ಬಿಡಿಭಾಗ ಬೇಕು, ಡೇಟಾಬೇಸ್ ಎಲ್ಲಿದೆ, ಲಾಗ್ ಎಲ್ಲಿ ಬೀಳಬೇಕು, ಲಾಗಿನ್ ಹೇಗೆ, ಟೆಸ್ಟ್ ಹೇಗೆ. ಇದನ್ನು ಪ್ರತಿ ಸಲ ಹೊಸದಾಗಿ ಮಾಡುವುದು ಬೇಡ ಎಂದು ಒಮ್ಮೆ ಮಾಡಿಟ್ಟು ಎಲ್ಲರಿಗೂ ಕೊಡುವುದೇ ಟೆಂಪ್ಲೇಟ್. ಮೇವನ್‌ನವರು ಇದನ್ನು 'ಆರ್ಕಿಟೈಪ್' ಅನ್ನುತ್ತಾರೆ. ಗ್ರೀಕ್ ಮೂಲದ ಆ ಪದದ ಅರ್ಥವೂ ಹೆಚ್ಚುಕಡಿಮೆ 'ಮೂಲ ಅಚ್ಚು' ಎಂದೇ.

ಅಚ್ಚಿನಿಂದ ಬಂದದ್ದಕ್ಕೆ ಅಚ್ಚಿನ ಗುರುತು ಇದ್ದೇ ಇರುತ್ತದೆ. ಮೇವನ್‌ನ 'ಕ್ವಿಕ್‌ಸ್ಟಾರ್ಟ್' ಎಂಬ ಅತ್ಯಂತ ಸರಳ ಅಚ್ಚು ಬಹಳ ವರ್ಷ ಜೆಯೂನಿಟ್ ಎಂಬ ಟೆಸ್ಟ್ ಸಲಕರಣೆಯ 3.8.1 ಆವೃತ್ತಿಯನ್ನೇ ಕೊಡುತ್ತಿತ್ತು. ಜೆಯೂನಿಟ್ 4 ಬಂದಿದ್ದು 2006ರಲ್ಲಿ. ಆಮೇಲೂ ಎಷ್ಟೋ ವರ್ಷ, ಜಾವಾ ಕಲಿಯಲು ಕೂತ ಹುಡುಗರ ಮೊದಲ ಪ್ರಾಜೆಕ್ಟು ಹುಟ್ಟುತ್ತಲೇ ಮುದಿಯಾಗಿರುತ್ತಿತ್ತು. ಇನ್ನೊಂದು, ನನಗೆ ಇಷ್ಟವಾದದ್ದು: ಸ್ಪ್ರಿಂಗ್ ಬೂಟ್‌ನವರ 'ಇನಿಷಿಯಲೈಝರ್' ತಾಣದಲ್ಲಿ ಗುಂಡಿ ಒತ್ತಿದರೆ ಸಿಗುವ ಪ್ರಾಜೆಕ್ಟಿನ ವಿವರಣೆಯ ಜಾಗದಲ್ಲಿ 'ಡೆಮೊ ಪ್ರಾಜೆಕ್ಟ್ ಫಾರ್ ಸ್ಪ್ರಿಂಗ್ ಬೂಟ್' ಎಂದು ಇರುತ್ತದೆ, ನೀವು ಬದಲಾಯಿಸದಿದ್ದರೆ. ಯಾರೂ ಬದಲಾಯಿಸುವುದಿಲ್ಲ. ದಿನಾ ಸಾವಿರಾರು ಜನರ ಹಣ ಅತ್ತಿತ್ತ ಮಾಡುವ ಒಂದು ವ್ಯವಸ್ಥೆಯ ಒಳಗೆ ಈ 'ಡೆಮೊ' ಸಾಲನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಿಮ್ಮಲ್ಲೂ ಇರಬಹುದು.

ಹಳಬರಿಗೆ ಆ್ಯಪ್‌ಫ್ಯೂಸ್ ನೆನಪಿರಬೇಕು. ಮ್ಯಾಟ್ ರೈಬಲ್ ಎಂಬ ಅಮೆರಿಕದ ಪ್ರೋಗ್ರಾಮರ್ 2003ರ ಸುಮಾರಿಗೆ ಶುರು ಮಾಡಿದ್ದು. ಸ್ಟ್ರಟ್ಸ್, ಸ್ಪ್ರಿಂಗ್, ಹೈಬರ್ನೇಟ್ ಎಲ್ಲವನ್ನೂ ಹೊಂದಿಸಿ ಕೊಡುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದು ದೇವರು ಕೊಟ್ಟ ವರದಂತೆ ಕಂಡಿತ್ತು. ಹದಿಮೂರು ವರ್ಷ ನಡೆಸಿ 2016ರಲ್ಲಿ ಅದನ್ನು ನಿಲ್ಲಿಸಿದರು. ಅಷ್ಟು ವರ್ಷ ಸುತ್ತಲಿನ ಬಿಡಿಭಾಗಗಳೆಲ್ಲ ಬದಲಾಗುತ್ತಿದ್ದಂತೆ ಒಂದೇ ಅಚ್ಚನ್ನು ಕಾಪಾಡಿಕೊಂಡು ಬರುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು.

ಇನ್ನು ನನ್ನ ಕಥೆ. ಹೇಳಲು ಸ್ವಲ್ಪ ಸಂಕೋಚವಿದೆ.

2018ರ ಮಾರ್ಚ್‌ನಲ್ಲಿ ಸ್ಪ್ರಿಂಗ್ ಬೂಟ್ 2.0 ಬಂತು. ಅದರಲ್ಲಿ ಆ್ಯಕ್ಚುಯೇಟರ್ ಎಂಬ ಒಂದು ಭಾಗವಿದೆ. ಓಡುತ್ತಿರುವ ಸಾಫ್ಟ್‌ವೇರಿನ ನಾಡಿ ನೋಡುವ ಪುಟಗಳು ಅದರಲ್ಲಿರುತ್ತವೆ: ಆರೋಗ್ಯ ಹೇಗಿದೆ, ಎಷ್ಟು ಮೆಮೊರಿ ಖರ್ಚಾಗಿದೆ, ಇತ್ಯಾದಿ. 2.0ರಲ್ಲಿ ಎರಡೇ ಪುಟಗಳನ್ನು ವೆಬ್‌ನಲ್ಲಿ ತೆರೆದಿಟ್ಟು ಉಳಿದವನ್ನು ಮುಚ್ಚಿದರು. ಒಳ್ಳೆಯದೇ ಮಾಡಿದ್ದರು. ಆದರೆ ನಮ್ಮ ಟೆಂಪ್ಲೇಟನ್ನು 2.0ಕ್ಕೆ ಏರಿಸಿದ ವಾರ, ಸರ್ವರ್ ನೋಡಿಕೊಳ್ಳುವ ತಂಡದವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರ ಮಾನಿಟರ್ ಪರದೆಯೆಲ್ಲ ಖಾಲಿ. ಯಾವ ಯಾವ ಪುಟ ಬೇಕು ಎಂದು ಕೇಳಿ ಅವನ್ನಷ್ಟೇ ತೆರೆಯಬೇಕಿತ್ತು. ನಾನು ಹಾಗೆ ಮಾಡದೆ ಸೆಟಿಂಗ್ಸ್ ಫೈಲಿನಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದೆ. ಅದರ ಅರ್ಥ 'ಎಲ್ಲವನ್ನೂ ತೆರೆ'. ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ತಾತ್ಕಾಲಿಕ, ಆಮೇಲೆ ತೆಗೆಯಬೇಕು' ಎಂದು ಬರೆದೆ. ಅವಸರದಲ್ಲಿ 'ಟೆಂಪೊರರಿ' ಪದದ ನಡುವಿನ 'ಓ' ಬಿಟ್ಟುಹೋಯಿತು. ಯಾರೂ ಗಮನಿಸಲಿಲ್ಲ. ಆಮೇಲೆ ಎಂಬುದು ಬರಲೇ ಇಲ್ಲ.

ಹಾಗೆ ತೆರೆದುಕೊಂಡ ಪುಟಗಳಲ್ಲಿ 'ಹೀಪ್‌ಡಂಪ್' ಅಂತ ಒಂದಿದೆ. ಅದನ್ನು ತೆರೆದರೆ ಆ ಕ್ಷಣದಲ್ಲಿ ಸಾಫ್ಟ್‌ವೇರಿನ ನೆನಪಿನಲ್ಲಿ ಏನೇನಿದೆಯೋ ಅಷ್ಟೂ ಒಂದು ಫೈಲಾಗಿ ಇಳಿದು ಬರುತ್ತದೆ. ಡೇಟಾಬೇಸಿನ ಪಾಸ್‌ವರ್ಡ್, ಆಗ ಲಾಗಿನ್ ಆಗಿರುವವರ ಟೋಕನ್, ಅವರು ತುಂಬುತ್ತಿರುವ ಅರ್ಜಿಯ ವಿವರ, ಎಲ್ಲವೂ ಓದಬಹುದಾದ ಅಕ್ಷರಗಳಲ್ಲಿ. ಬಿಚ್ಚಿ ನೋಡಲು ಪುಕ್ಕಟೆ ಸಿಗುವ ಸಲಕರಣೆ ಸಾಕು.

2021ರ ಲಾಕ್‌ಡೌನಿನ ಸಮಯ. ನಾನು ಹಾಸನದ ಮನೆಯ ಮಹಡಿಯ ಕೋಣೆಯಿಂದ ಕೆಲಸ ಮಾಡುತ್ತಿದ್ದೆ. ಸೆಕ್ಯುರಿಟಿ ತಂಡದ ಹುಡುಗಿಯೊಬ್ಬಳು ಕರೆ ಮಾಡಿ, ವಿಮೆ ಏಜೆಂಟರಿಗಾಗಿ ನಮ್ಮವರು ಕಟ್ಟಿದ್ದ ಒಂದು ತಾಣದ ವಿಳಾಸ ಕೊಟ್ಟಳು. "ಸರ್, ಇದಕ್ಕೆ ಲಾಗಿನ್ನೇ ಬೇಡ. ನಾನು ಮನೆಯಿಂದ, ನನ್ನ ಸ್ವಂತ ಇಂಟರ್‌ನೆಟ್‌ನಿಂದ ಡೌನ್‌ಲೋಡ್ ಮಾಡಿದೆ. ಪಾಸ್‌ವರ್ಡ್ ಕಾಣ್ತಿದೆ" ಅಂದಳು. ದನಿಯಲ್ಲಿ ಹೆದರಿಕೆ ಇತ್ತು. ಆ ಸಾಲು ಯಾರು ಬರೆದಿದ್ದು ಎಂದು ಹುಡುಕಿದೆ. ಗಿಟ್‌ನಲ್ಲಿ ಅದಕ್ಕೊಂದು ಕಮಾಂಡ್ ಇದೆ, ಹೆಸರೇ 'ಬ್ಲೇಮ್'. ಆ ಪ್ರಾಜೆಕ್ಟಿನ ಇತಿಹಾಸದಲ್ಲಿ ಮೊದಲ ದಿನ ಟೆಂಪ್ಲೇಟ್ ನಕಲಿಸಿದ ಹುಡುಗನ ಹೆಸರು ತೋರಿಸಿತು. ಅವನ ತಪ್ಪೇನಿಲ್ಲ. ಟೆಂಪ್ಲೇಟಿನ ಇತಿಹಾಸ ತೆರೆದರೆ ನನ್ನ ಹೆಸರು. 'ಓ' ಇಲ್ಲದ ಟೆಂಪೊರರಿ.

ಆ ತಾಣವನ್ನು ಅರ್ಧ ಗಂಟೆಯಲ್ಲಿ ಮುಚ್ಚಿ, ಪಾಸ್‌ವರ್ಡ್ ಬದಲಿಸಿ, ಸರಿ ಮಾಡಿ ತೆರೆದೆವು. ಅದಕ್ಕೂ ಮುಂಚೆ ಬೇರೆ ಯಾರಾದರೂ ಆ ಫೈಲ್ ಇಳಿಸಿಕೊಂಡಿದ್ದರೇ? ಸರ್ವರ್‌ನ ಲಾಗ್ ಮೂರು ತಿಂಗಳದ್ದಷ್ಟೇ ಉಳಿದಿತ್ತು. ಆ ಮೂರು ತಿಂಗಳಲ್ಲಿ ಯಾರೂ ಇಲ್ಲ. ಅದರ ಹಿಂದಿನದ್ದು ಗೊತ್ತಾಗುವ ದಾರಿಯೇ ಇಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಎರಡು ಸಲ ಕೇಳಿದಳು, ಯಾಕೋ ಹೀಗಿದೀಯ ಅಂತ. ಏನು ಹೇಳುವುದು? ಮೂರು ವರ್ಷದ ಹಿಂದೆ ಒಂದು ನಕ್ಷತ್ರ ಹಾಕಿದ್ದೆ ಅಂತಲೇ?

ಅದಕ್ಕಿಂತ ದೊಡ್ಡ ಪ್ರಶ್ನೆ ಮರುದಿನ ಬಂತು. ಈ ಅಚ್ಚಿನಿಂದ ಇನ್ನೆಷ್ಟು ಆನೆ ಆಗಿವೆ? ನಮ್ಮಲ್ಲಿ ಯಾರ ಹತ್ತಿರವೂ ಲೆಕ್ಕ ಇರಲಿಲ್ಲ. ಟೆಂಪ್ಲೇಟ್ ನಕಲಾದ ಕ್ಷಣಕ್ಕೆ ಅದಕ್ಕೂ ಹೊಸ ಪ್ರಾಜೆಕ್ಟಿಗೂ ಸಂಬಂಧ ಕಡಿದುಹೋಗುತ್ತದೆ. ಹೆಸರು ಬದಲಾಗುತ್ತದೆ, ಇತಿಹಾಸ ಹೊಸದಾಗಿ ಶುರುವಾಗುತ್ತದೆ. ಹುಡುಕಲು ನನಗೆ ಸಿಕ್ಕ ಒಂದೇ ಸುಳಿವು ನನ್ನದೇ ಕಾಗುಣಿತದ ತಪ್ಪು. ಆ ತಪ್ಪು ಪದ ಬೇರೆ ಯಾರೂ ಬರೆದಿರುವ ಸಂಭವ ಕಡಿಮೆ. ಅದನ್ನೇ ಹಿಡಿದು ಕಂಪನಿಯ ಕೋಡ್ ಸರ್ವರ್ ಜಾಲಾಡಿದೆ. ಶಾಲೆಯಲ್ಲಿ ಸ್ಪೆಲಿಂಗ್ ತಪ್ಪಿಗೆ ಮೇಷ್ಟ್ರು ಕಿವಿ ಹಿಂಡಿದ್ದು ನೆನಪಾಗಿ ನಗು ಬಂತು. ಅವತ್ತು ನನ್ನನ್ನು ಕಾಪಾಡಿದ್ದು ಆ ತಪ್ಪೇ.

ಸಿಕ್ಕಿದವು. ಪುಣೆಯವಷ್ಟೇ ಅಲ್ಲ, ಚೆನ್ನೈ, ನೋಯ್ಡಾ ತಂಡಗಳದ್ದೂ. ನಾವು ಟೆಂಪ್ಲೇಟ್ ಕೊಟ್ಟೇ ಇರದ ಹೈದರಾಬಾದ್ ತಂಡದ್ದೂ. ಅಲ್ಲಿನ ಲೀಡ್ ರಾಯಚೂರಿನವರು. ಫೋನ್ ಮಾಡಿ ನಮ್ಮ ಟೆಂಪ್ಲೇಟ್ ನಿಮಗೆ ಯಾರು ಕೊಟ್ಟರು ಎಂದು ಕೇಳಿದೆ.

"ನಮ್ಮಲ್ಲಿ ಟೆಂಪ್ಲೇಟ್ ಗಿಂಪ್ಲೇಟ್ ಏನೂ ಇಲ್ರಿ ಸರ. ಹೋದ ವರ್ಷದ್ದು ಒಂದು ಪ್ರಾಜೆಕ್ಟ್ ಇತ್ತು, ಅದನ್ನ ಕಾಪಿ ಹೊಡದು ಹೆಸರು ಬದಲಿ ಮಾಡೀವಿ."

"ಆ ಹೋದ ವರ್ಷದ್ದು ಎಲ್ಲಿಂದ ಬಂತು?"

"ಅದರ ಹಿಂದಿನ ವರ್ಷದ್ದು ಇತ್ತಲ್ರಿ!"

ಅವರು ಹೇಳಿದ್ದು ನಮ್ಮ ಉದ್ಯಮದ ದೊಡ್ಡ ಸತ್ಯ. ಜನ ಟೆಂಪ್ಲೇಟಿನಿಂದ ಶುರು ಮಾಡುತ್ತಾರೆ ಎಂದು ಟೆಂಪ್ಲೇಟ್ ಮಾಡುವವರು ಅಂದುಕೊಳ್ಳುತ್ತಾರೆ. ಜನ ನಿಜವಾಗಿ ಶುರು ಮಾಡುವುದು ಹಿಂದಿನ ಪ್ರಾಜೆಕ್ಟಿನಿಂದ. ಅದೇ ಸುಲಭ, ಅದು ಆಗಲೇ ಓಡುತ್ತಿದೆ. ಹಾಗಾಗಿ ಒಳ್ಳೆಯ ಟೆಂಪ್ಲೇಟ್ ಇಡುವುದು ಮಾತ್ರ ಸಾಲದು. ಅದು ಹಿಂದಿನ ಪ್ರಾಜೆಕ್ಟನ್ನು ನಕಲು ಮಾಡುವುದಕ್ಕಿಂತ ಸುಲಭವಾಗಿರಬೇಕು, ಇಲ್ಲದಿದ್ದರೆ ಯಾರೂ ಹತ್ತಿರ ಬರುವುದಿಲ್ಲ.

ಇಂಥ ಪಾಡು ನಮ್ಮದೊಂದೇ ಅಲ್ಲ. 2013ರಲ್ಲಿ ಫ್ರಾನ್ಸಿನ ಜೂಲಿಯನ್ ದ್ಯುಬ್ವಾ ಶುರು ಮಾಡಿದ ಜೆಹಿಪ್‌ಸ್ಟರ್ ಇವತ್ತಿಗೂ ಜಾವಾ ಲೋಕದ ಹೆಸರಾಂತ ಅಚ್ಚು. ನಾಲ್ಕಾರು ಪ್ರಶ್ನೆ ಕೇಳಿ ಇಡೀ ವೆಬ್ ಆ್ಯಪನ್ನೇ ಬರೆದು ಕೊಡುತ್ತದೆ. 2019ರಲ್ಲಿ ಅದರಲ್ಲೊಂದು ದೋಷ ಸಿಕ್ಕಿತು. ಪಾಸ್‌ವರ್ಡ್ ಮರೆತವರಿಗೆ ಕಳಿಸುವ ಗುಟ್ಟಿನ ಸಂಖ್ಯೆಯನ್ನು ಅದು ತಯಾರಿಸುತ್ತಿದ್ದ ರೀತಿ ಗಟ್ಟಿಯಾಗಿರಲಿಲ್ಲ. ತನಗೆ ಬಂದ ಒಂದು ಸಂಖ್ಯೆಯನ್ನು ನೋಡಿ, ಮುಂದೆ ಇನ್ನೊಬ್ಬರಿಗೆ ಬರುವುದನ್ನು ಲೆಕ್ಕ ಹಾಕಿ ಅವರ ಖಾತೆಗೇ ನುಗ್ಗಬಹುದಿತ್ತು. 6.3.0 ಆವೃತ್ತಿಯಲ್ಲಿ ಅವರು ಅಚ್ಚನ್ನು ತಿದ್ದಿದರು. ಆದರೆ ಆಗಲೇ ಹುಟ್ಟಿದ್ದ ಆ್ಯಪ್‌ಗಳ ಒಳಗೆ ಆ ಕೋಡ್ ಅವುಗಳ ಸ್ವಂತ ಕೋಡಾಗಿ ಕೂತಿತ್ತು. ಜೆಹಿಪ್‌ಸ್ಟರನ್ನು ಎಷ್ಟು ಹೊಸತು ಮಾಡಿದರೂ ಅದು ಬದಲಾಗುವುದಿಲ್ಲ. ಕೊನೆಗೆ ಸೆಕ್ಯುರಿಟಿ ಸಂಶೋಧಕರೊಬ್ಬರು ಗಿಟ್‌ಹಬ್‌ನಲ್ಲಿ ಬಹಿರಂಗವಾಗಿದ್ದ ಅಂಥ ಪ್ರಾಜೆಕ್ಟುಗಳನ್ನು ಹುಡುಕಿ, ತಿದ್ದುಪಡಿಯನ್ನು ಯಂತ್ರದಿಂದಲೇ ಬರೆಸಿ, 3,880 ಪ್ರಾಜೆಕ್ಟುಗಳಿಗೆ ಒಂದೊಂದು ಪುಲ್ ರಿಕ್ವೆಸ್ಟ್ ಕಳಿಸಿದರು. ಅಂದರೆ ತಟ್ಟೆಯಲ್ಲಿದ್ದ ಒಂದೊಂದು ಆನೆಗೂ ಕೈಯಾರೆ ಸೊಂಡಿಲು ಅಂಟಿಸಲು ಹೊರಟಂತೆ. ಅವರಿಗೆ ಕಂಡದ್ದು ಬಹಿರಂಗವಾಗಿದ್ದವು ಮಾತ್ರ. ಕಂಪನಿಗಳ ಬೀಗದ ಒಳಗೆ ಇರುವುದನ್ನು ಆ ಕಂಪನಿಯವರೇ ಹುಡುಕಬೇಕು.

ನಾವು ಹುಡುಕಿ ತಿದ್ದಿದ ಮೇಲೆ ಟೆಂಪ್ಲೇಟನ್ನು ಬಿಚ್ಚಿ ಕೂತೆ. ಅದರಲ್ಲಿ ನೂರಕ್ಕೂ ಹೆಚ್ಚು ಫೈಲುಗಳಿದ್ದವು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತ ಹೋದೆ: ಇದು ನಾಳೆ ತಪ್ಪಾಗಿದ್ದರೆ ಮಕ್ಕಳಿಗೆ ಹೇಗೆ ತಲುಪಿಸುತ್ತೇನೆ? ತಲುಪಿಸಲಾಗದ್ದು ಟೆಂಪ್ಲೇಟಿನಲ್ಲಿ ಇರಬಾರದು. ಅದನ್ನು ಲೈಬ್ರರಿಗೋ, ಮೇವನ್‌ನವರು 'ಪೇರೆಂಟ್ ಪಾಮ್' ಅನ್ನುವ ತಾಯಿ ಫೈಲಿಗೋ ಸಾಗಿಸಬೇಕು. ಎರಡಕ್ಕೂ ಇರುವ ವ್ಯತ್ಯಾಸ ಬಾವಿಯಿಂದ ಸೇದಿ ತಂದ ಕೊಡದ ನೀರಿಗೂ ನಲ್ಲಿಯ ನೀರಿಗೂ ಇರುವಂಥದ್ದು. ಟೆಂಪ್ಲೇಟಿನಿಂದ ಬಂದದ್ದು ಕೊಡದ ನೀರು, ತಂದಾಗ ಹೇಗಿತ್ತೋ ಹಾಗೇ ಇರುತ್ತದೆ. ತಾಯಿ ಫೈಲಿನದ್ದು ನಲ್ಲಿ. ಪ್ರಾಜೆಕ್ಟಿನಲ್ಲಿ "ನನ್ನ ತಾಯಿ ಇಂಥ ಆವೃತ್ತಿ" ಎಂದು ಒಂದು ಸಾಲು ಇರುತ್ತದೆ, ಆ ಸಂಖ್ಯೆ ಬದಲಿಸಿದರೆ ಹೊಸ ನೀರು. ಲಾಗ್ ಸೆಟಿಂಗ್, ಬಿಡಿಭಾಗಗಳ ಆವೃತ್ತಿ, ಆ್ಯಕ್ಚುಯೇಟರಿನ ಬಾಗಿಲು ಎಲ್ಲ ಅತ್ತ ಹೋದವು. ಕೊನೆಗೆ ಟೆಂಪ್ಲೇಟಿನಲ್ಲಿ ಉಳಿದಿದ್ದು ಇಪ್ಪತ್ತರ ಆಸುಪಾಸು ಫೈಲು. ನೋಡಲು ಬಡಕಲು. ಒಬ್ಬ ಮ್ಯಾನೇಜರ್, "ಇಷ್ಟೇನಾ? ಆರು ವಾರ ಮಾಡಿದ್ದು ಇದೇನಾ?" ಎಂದು ಕೇಳಿದರು. ಹೌದು, ಅದೇ.

ನಲ್ಲಿ ನೀರಿಗೂ ಅದರದೇ ಅಪಾಯ ಇದೆ ಎಂಬುದನ್ನು ಮುಚ್ಚಿಡಬಾರದು. ಟ್ಯಾಂಕಿಗೆ ಕಸ ಬಿದ್ದರೆ ಬೀದಿಗೆಲ್ಲ ಕಸ. ಒಂದು ಸೋಮವಾರ ನಾನು ಬಿಟ್ಟ ತಾಯಿ ಫೈಲಿನ ಹೊಸ ಆವೃತ್ತಿ ಅದನ್ನು ತೆಗೆದುಕೊಂಡ ಎಲ್ಲ ತಂಡಗಳ ಟೆಸ್ಟುಗಳನ್ನೂ ಒಟ್ಟಿಗೆ ಬೀಳಿಸಿತು. ಬೈಗುಳ ತಿಂದೆ. ಆದರೂ ಒಂದು ಸಮಾಧಾನ: ಎಲ್ಲರಿಗೂ ಒಂದೇ ದಿನ ಬಿತ್ತು, ಒಂದೇ ದಿನ ಸರಿಹೋಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಪರೀಕ್ಷೆ ಬಂತು. 10ನೇ ತಾರೀಖು ಶುಕ್ರವಾರ, ಲಾಗ್‌ಫೋರ್‌ಶೆಲ್ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಲಾಗ್ ಬರೆಯುವ ಲಾಗ್‌ಫೋರ್‌ಜೆ ಎಂಬ ಬಿಡಿಭಾಗದಲ್ಲಿ ಲೋಪ. ಹೊರಗಿನವರು ಒಂದು ಸಾಲು ಅಕ್ಷರ ಕಳಿಸಿ ನಮ್ಮ ಸರ್ವರಿನಲ್ಲಿ ತಮ್ಮ ಪ್ರೋಗ್ರಾಂ ಓಡಿಸಬಹುದಿತ್ತು. ತೀವ್ರತೆಯ ಅಳತೆಯಲ್ಲಿ ಹತ್ತಕ್ಕೆ ಹತ್ತು. ಸ್ಪ್ರಿಂಗ್ ಬೂಟ್ ತಾನಾಗಿ ಬಳಸುವುದು ಬೇರೆ ಲಾಗ್ ಸಲಕರಣೆ, ಸುಮ್ಮನಿದ್ದವರು ಬಚಾವಾದರು. ನಮ್ಮಲ್ಲಿ ಯಾರೋ ಹಿಂದೆಯೇ, ವೇಗ ಜಾಸ್ತಿ ಎಂದು ಟೆಂಪ್ಲೇಟಿನಲ್ಲಿ ಲಾಗ್‌ಫೋರ್‌ಜೆ 2 ಹಾಕಿಸಿದ್ದರು. ಆ ವೇಗ ನಮ್ಮ ಯಾವ ಗಿರಾಕಿಗೂ ಬೇಕಾಗಿರಲಿಲ್ಲ.

ತಾಯಿ ಫೈಲಿಗೆ ಬಂದಿದ್ದ ಪ್ರಾಜೆಕ್ಟುಗಳಿಗೆ ಒಂದು ಸಾಲಿನ ಬದಲಾವಣೆ. 2.15.0 ಬಂತು, ಅದು ಸಾಲದೆ 2.16.0, ಮತ್ತೆ 2.17.0, ತಿಂಗಳು ಮುಗಿಯುವುದರೊಳಗೆ 2.17.1. ನಾಲ್ಕು ಸಲ ಆ ಒಂದು ಸಾಲು ತಿದ್ದಿದೆವು. ಹಳೇ ಆನೆಗಳಿಗೆ ಪ್ರತಿಯೊಂದಕ್ಕೂ ನಾಲ್ಕು ನಾಲ್ಕು ಸಲ ಕೈಯಿಂದಲೇ ಮಾಡಬೇಕಾಯಿತು. ಕ್ರಿಸ್‌ಮಸ್ ರಜೆಗೆ ಊರಿಗೆ ಟಿಕೆಟ್ ಮಾಡಿಸಿದ್ದ ಹುಡುಗರು ಅದನ್ನು ರದ್ದು ಮಾಡಿಸಿ ಕೂತರು. ಆದರೆ ಈ ಸಲ ಯಾರಿಗೆ ಫೋನ್ ಮಾಡಬೇಕು ಎಂಬುದಾದರೂ ಗೊತ್ತಿತ್ತು. ಕಾಗುಣಿತದ ತಪ್ಪಿನಿಂದ ಕಲಿತು, ಅಷ್ಟರಲ್ಲಿ ಟೆಂಪ್ಲೇಟಿನಲ್ಲಿ ಬೇಕೆಂದೇ ಒಂದು ಸಣ್ಣ ಫೈಲ್ ಇಟ್ಟಿದ್ದೆ: ಯಾವ ಅಚ್ಚು, ಯಾವ ಆವೃತ್ತಿ, ಯಾವ ದಿನ. ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ನಕಲಾದರೂ ಆ ಮಚ್ಚೆ ಜೊತೆಗೆ ಹೋಗುತ್ತದೆ. ವಾರಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಕೋಡ್ ಸರ್ವರನ್ನೆಲ್ಲ ಜಾಲಾಡಿ ಆ ಮಚ್ಚೆ ಇರುವವರ ಪಟ್ಟಿ ಮಾಡಿಕೊಡುತ್ತದೆ.

ಇನ್ನೊಂದು ಅಭ್ಯಾಸವೂ ಆಮೇಲೆ ಬಂದದ್ದು. ಟೆಂಪ್ಲೇಟನ್ನು ಯಾರೂ ಮುಟ್ಟದಿದ್ದರೂ ಅದು ಕೆಡುತ್ತದೆ, ಅಟ್ಟದ ಮೇಲಿಟ್ಟ ಮರದ ಅಚ್ಚಿನ ಹಾಗೆ. ಸಂಕ್ರಾಂತಿಯ 501 ಕಲಿಸಿದ್ದು ಅದನ್ನೇ. ಆದ್ದರಿಂದ ಪ್ರತಿ ಭಾನುವಾರ ರಾತ್ರಿ, ಏನೂ ಇಲ್ಲದ ಖಾಲಿ ಯಂತ್ರದಲ್ಲಿ ಟೆಂಪ್ಲೇಟಿನಿಂದ ಹೊಸ ಪ್ರಾಜೆಕ್ಟೊಂದು ತಾನಾಗಿ ಹುಟ್ಟಿ, ಬಿಲ್ಡ್ ಆಗಿ, ಓಡಿ, ಬಾಗಿಲುಗಳೆಲ್ಲ ಮುಚ್ಚಿವೆಯೇ ಎಂದು ನೋಡಿ ಅಳಿಸಿಹೋಗುತ್ತದೆ. ಹಳೇ ಯಂತ್ರದಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಹಿಂದೆ ಇಳಿಸಿಕೊಂಡಿದ್ದ ಬಿಡಿಭಾಗಗಳು ಅಲ್ಲೇ ಉಳಿದಿರುತ್ತವೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ.

ಕೆಲಸದ ಅತಿ ಕಷ್ಟದ ಭಾಗ ಮಾತ್ರ ಕೋಡ್ ಅಲ್ಲ, "ಬೇಡ" ಅನ್ನುವುದು. ತಿಂಗಳಿಗೆ ಇಬ್ಬರಾದರೂ ಬಂದು, "ಇದೊಂದು ಸೇರಿಸಿಬಿಡಿ ಸರ್, ಎಲ್ಲರಿಗೂ ಉಪಯೋಗ ಆಗುತ್ತೆ" ಅನ್ನುತ್ತಾರೆ. ಒಬ್ಬರಿಗೆ ಕಾಫ್ಕಾ, ಇನ್ನೊಬ್ಬರಿಗೆ ರೆಡಿಸ್, ಮತ್ತೊಬ್ಬರಿಗೆ ತಾವೇ ಬರೆದ ದಿನಾಂಕದ ಲೆಕ್ಕ. ಎಲ್ಲರೂ ಒಳ್ಳೆಯ ಮನಸ್ಸಿನವರು. ಒಳ್ಳೆಯ ಮನಸ್ಸಿನವರಿಗೆ ಬೇಡ ಅನ್ನುವುದು ನಮ್ಮ ಕಡೆಯ ಜನಕ್ಕೆ ಸುಲಭವಲ್ಲ. ಮೊದಮೊದಲು ನೋಡೋಣ ಅನ್ನುತ್ತಿದ್ದೆ. ಅವರು ಅದನ್ನು ಹೌದು ಅಂದುಕೊಳ್ಳುತ್ತಿದ್ದರು. ಈಗ ಒಂದು ಮಾತು ಕೇಳುತ್ತೇನೆ: ಮೂರು ವರ್ಷ ಆದಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ, ಹೆಸರು ಹೇಳಿ. ಹೆಚ್ಚಿನವರು ಅಲ್ಲಿಗೆ ಎದ್ದು ಹೋಗುತ್ತಾರೆ.

ಆಮೇಲಿನ ದೊಡ್ಡ ಗಲಾಟೆ ಹೆಸರು ಬದಲಾವಣೆಯದ್ದು. ಆರೇಕಲ್ 2017ರಲ್ಲಿ ಎಂಟರ್‌ಪ್ರೈಸ್ ಜಾವಾವನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸುವುದಾಗಿ ಹೇಳಿತು. ಒಪ್ಪಿಸಿತು, 'ಜಾವಾ' ಹೆಸರು ಬಳಸುವ ಹಕ್ಕನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತು. ಹಾಗಾಗಿ ಅದು ಜಕಾರ್ತಾ ಆಯಿತು. 2020ರ ಡಿಸೆಂಬರ್‌ನ ಜಕಾರ್ತಾ ಇಇ 9ರಲ್ಲಿ ಕೋಡಿನ ಒಳಗೂ 'ಜಾವಾಎಕ್ಸ್' ಎಂದು ಇದ್ದದ್ದು 'ಜಕಾರ್ತಾ' ಎಂದಾಯಿತು. 2022ರ ನವೆಂಬರ್‌ನ ಸ್ಪ್ರಿಂಗ್ ಬೂಟ್ 3.0 ಅದನ್ನೇ ಹಿಡಿಯಿತು, ಜೊತೆಗೆ ಜಾವಾ 17ಕ್ಕಿಂತ ಹಳೆಯದು ನಡೆಯದು ಎಂದಿತು. ಆಸ್ತಿ ಹಂಚಿಕೆಯಾಗಿ ಮನೆ ಒಬ್ಬರಿಗೆ, ಮನೆತನದ ಹೆಸರು ಇನ್ನೊಬ್ಬರಿಗೆ ಹೋದಂತೆ. ಪರಿಣಾಮ ಮಾತ್ರ ನಮ್ಮ ಮೇಲೆ: ಒಂದೊಂದು ಪ್ರಾಜೆಕ್ಟಿನಲ್ಲೂ ನೂರಾರು ಸಾಲು ತಿದ್ದಬೇಕು. ಓಪನ್‌ರೀರೈಟ್ ಎಂಬ ಸಲಕರಣೆ ಅದರಲ್ಲಿ ಬಹುಪಾಲನ್ನು ತಾನೇ ಮಾಡುತ್ತದೆ, ಉಳಿದದ್ದು ಕೈಕೆಲಸ. 2023ರ ನವೆಂಬರ್‌ಗೆ 2.7ರ ಪುಕ್ಕಟೆ ಬೆಂಬಲ ಮುಗಿದು ಇನಿಷಿಯಲೈಝರ್ ತಾಣದಿಂದ ಜಾವಾ 8ರ ಆಯ್ಕೆಯೇ ಮಾಯವಾದಾಗ, ಗಿರಾಕಿಯ ಸರ್ವರಿನಲ್ಲಿ ಇನ್ನೂ 8 ಇದೆ ಎಂದು ನಾಲ್ಕು ತಂಡದವರು ನನ್ನ ಹತ್ತಿರ ಬಂದರು. ಹಳೇ ಟೆಂಪ್ಲೇಟನ್ನು ಅವರಿಗಾಗಿ ಉಳಿಸಿ, ಮುಂದೆ ದಪ್ಪ ಅಕ್ಷರದಲ್ಲಿ 'ಹೊಸ ಕೆಲಸಕ್ಕೆ ಬಳಸಬೇಡಿ' ಎಂದು ಬರೆದೆ. ಹೊಸ ಕೆಲಸಕ್ಕೂ ಬಳಸಿದರು.

ಇಷ್ಟಾದರೂ ನನ್ನ ಟೈಮ್‌ಶೀಟಿನಲ್ಲಿ ಈ ಕೆಲಸಕ್ಕೆ ಒಂದು ಕೋಡ್ ಇರಲಿಲ್ಲ. ಯಾವ ಗಿರಾಕಿಯೂ ಟೆಂಪ್ಲೇಟಿಗೆ ಹಣ ಕೊಡುವುದಿಲ್ಲ. ಶುಕ್ರವಾರ ಸಂಜೆ ವಾರದ ಗಂಟೆಗಳನ್ನು ತುಂಬುವಾಗ ಟೆಂಪ್ಲೇಟಿಗೆ ಹೋದ ಎಂಟು ಗಂಟೆಯನ್ನು 'ಇತರೆ' ಎಂಬ ಜಾಗದಲ್ಲಿ ಹಾಕಬೇಕು. ವರ್ಷದ ಕೊನೆಗೆ ಇತರೆ ಯಾಕೆ ಇಷ್ಟು ಎಂದು ಕೇಳುತ್ತಾರೆ. ಏನೂ ಆಗದಂತೆ ನೋಡಿಕೊಂಡೆ ಎಂಬುದನ್ನು ಯಾವ ಫಾರ್ಮಿನಲ್ಲಿ ಬರೆಯುವುದು? ಲಾಗ್‌ಫೋರ್‌ಶೆಲ್‌ ಆದಮೇಲೆ ವಾರಕ್ಕೆ ಒಂದು ದಿನ ಅಧಿಕೃತವಾಗಿ ಕೊಟ್ಟರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಕೊಟ್ಟ ದಿನ, ಇರಲಿ, ಕೊಟ್ಟರಲ್ಲ.

ಮುಂದಿನ ತಿಂಗಳಿಂದ ಈ ಕೆಲಸ ದಾವಣಗೆರೆಯಿಂದ ಬಂದಿರುವ ಹುಡುಗಿಯೊಬ್ಬಳ ಕೈಗೆ ಹೋಗುತ್ತಿದೆ. ಮೊನ್ನೆ ಎಲ್ಲ ವಿವರಿಸುತ್ತ ಪಟ್ಟಿ ತೋರಿಸಿದೆ. ಅದರ ಕೊನೆಯಲ್ಲಿ ಎರಡು ಸಾಲು ಕೆಂಪಾಗಿವೆ. ಎರಡೂ 2019ರಲ್ಲಿ ಗಿರಾಕಿಗಳಿಗೆ ಕೋಡ್ ಸಮೇತ ಒಪ್ಪಿಸಿದ ಪ್ರಾಜೆಕ್ಟುಗಳು, ಈಗ ನಮ್ಮ ಕೈಯಲ್ಲಿ ಇಲ್ಲ. ಒಂದಕ್ಕೆ ಮೂರು ಮೇಲ್ ಕಳಿಸಿದೆ, ಮೂರೂ ವಾಪಸ್ ಬಂದವು, ಆ ಹೆಸರಿನವರು ಅಲ್ಲಿಲ್ಲ. ಇನ್ನೊಂದರಿಂದ "ಗಮನಕ್ಕೆ ತೆಗೆದುಕೊಂಡಿದ್ದೇವೆ" ಎಂದು ಉತ್ತರ ಬಂತು, ಅಷ್ಟೇ.

"ಇದನ್ನ ಏನ್ ಮಾಡ್ಲಿ ಸರ್, ಕ್ಲೋಸ್ ಮಾಡ್ಲಾ?" ಅಂದಳು.

"ಬೇಡ, ಇರಲಿ. ಆರು ತಿಂಗಳಿಗೊಮ್ಮೆ ಮೇಲ್ ಕಳಿಸ್ತಾ ಇರು."

ಈ ಪತ್ರಿಕೆ ಓದುವವರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯ ಕಂಪನಿಗಳಲ್ಲಿ ಜಾವಾ ಕೆಲಸ ಮಾಡುವವರು ಇದ್ದೇ ಇದ್ದೀರಿ. ಒಂದು ಉಪಕಾರ ಮಾಡಿ. ನಾಳೆ ಆಫೀಸಿನಲ್ಲಿ ನಿಮ್ಮ ಪ್ರಾಜೆಕ್ಟಿನ ಸೆಟಿಂಗ್ಸ್ ಫೈಲ್ ತೆರೆದು, ಆ್ಯಕ್ಚುಯೇಟರ್ ಇರುವ ಸಾಲಿನ ಮುಂದೆ ನಕ್ಷತ್ರ ಇದೆಯೇ ನೋಡಿ. ಪಕ್ಕದಲ್ಲಿ ಒಂದು 'ಓ' ಕಡಿಮೆಯಿರುವ 'ಟೆಂಪೊರರಿ' ಕಂಡರೆ, ಅದು ನನ್ನದು. ದಯವಿಟ್ಟು ತೆಗೆದುಬಿಡಿ.